ಮಾಕ್ ಡ್ರಾಫ್ಟ್ ಲೆಕ್ಕ: ಪ್ರತಿಭೆಗೆ 60 ಪಾಲು ತೂಕ ಕೊಟ್ಟರೂ ಗಾರ್ಡ್‌ಗಳೇ ಏಕೆ ಮೇಲೆ ಬರುತ್ತಾರೆ?

ಮೂರನೇ ಡೌನ್:
ಎಲ್ಲರಿಗೂ ನಮಸ್ಕಾರ. ನಾವು ಎಂಟು ಮಂದಿ ಗೆಳೆಯರು ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಹಳೆಯ ಡ್ರಾಫ್ಟ್‌ಗಳನ್ನು, ಎಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದನ್ನು, ಮತ್ತೆ ಆಡುತ್ತೇವೆ. ಒಬ್ಬೊಬ್ಬರಿಗೆ ನಾಲ್ಕರಂತೆ 32 ತಂಡಗಳನ್ನು ಹಂಚಿಕೊಂಡು, ಆ ವರ್ಷದ ಏಪ್ರಿಲ್‌ನಲ್ಲಿ ಗೊತ್ತಿದ್ದ ಸಂಗತಿಗಳನ್ನಷ್ಟೇ ಇಟ್ಟುಕೊಂಡು ಆಟಗಾರರನ್ನು ಆರಿಸಬೇಕೆಂಬುದು ನಿಯಮ. ಈ ಬಾರಿ 2021ರ ಡ್ರಾಫ್ಟ್. ನನ್ನ ಪಾಲಿನ ನಾಲ್ಕರಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ಒಂದು. ಸ್ಪ್ರೆಡ್‌ಶೀಟ್‌ನಲ್ಲಿ ಪ್ರತಿ ಆಟಗಾರನ ಪ್ರತಿಭೆಗೆ 100ರಲ್ಲಿ ಇಷ್ಟು, ಆ ಸ್ಥಾನದಲ್ಲಿ ತಂಡಕ್ಕಿರುವ ಕೊರತೆಗೆ 100ರಲ್ಲಿ ಇಷ್ಟು ಎಂದು ಅಂಕ ಕೊಟ್ಟು, ಮೊದಲನೆಯದನ್ನು 0.6ರಿಂದಲೂ ಎರಡನೆಯದನ್ನು 0.4ರಿಂದಲೂ ಗುಣಿಸಿ ಕೂಡಿಸಿದ್ದೇನೆ.

ತೊಂದರೆ ಹೀಗಿದೆ. ಪ್ರತಿಭೆ 91, ಕೊರತೆ 20 ಇರುವ ಕಾರ್ನರ್‌ಬ್ಯಾಕ್‌ಗೆ (ಎದುರಾಳಿಯ ಪಾಸ್ ತಡೆಯುವ ರಕ್ಷಣಾ ಆಟಗಾರ) ಒಟ್ಟು 62.6 ಬರುತ್ತದೆ, ಪ್ರತಿಭೆ 81, ಕೊರತೆ 90 ಇರುವ ಗಾರ್ಡ್‌ಗೆ (ಚೆಂಡೆಸೆಯುವವರನ್ನು ಕಾಯುವ ಲೈನ್‌ನ ಆಟಗಾರ) 84.6 ಬರುತ್ತದೆ. ಪ್ರತಿಭೆಯ ತೂಕವನ್ನು 0.8ಕ್ಕೆ ಏರಿಸಿದರೂ ಗಾರ್ಡೇ ಮೇಲಿರುತ್ತಾರೆ, 0.9ಕ್ಕೆ ಏರಿಸಿದರೆ ಕೊರತೆಯ ಕಾಲಂ ಇದ್ದೂ ಇಲ್ಲದಂತಾಗುತ್ತದೆ. ಇನ್ನೊಂದು ಮಾತು: ಐದನೇ ಪಿಕ್‌ಗೆ (ಆರಿಸುವ ಐದನೇ ಸರದಿಗೆ) ಈ ಲೆಕ್ಕ ಅದೇ ಲೈನ್‌ನ ಅಂಚಿನಲ್ಲಿ ನಿಲ್ಲುವ ಟ್ಯಾಕಲ್ ಪೆನೈ ಸೂಅಲ್ ಅವರ ಹೆಸರನ್ನು ಕೊಡುತ್ತಿದೆ. ಸಿನ್ಸಿನಾಟಿ ನಿಜವಾಗಿ ಆರಿಸಿದ್ದು ಪಾಸ್ ಹಿಡಿಯುವ ವೈಡ್ ರಿಸೀವರ್ ಜಮಾರ್ ಚೇಸ್ ಅವರನ್ನು. ಹಾಗಾದರೆ ಇದೂ ಲೆಕ್ಕದ ದೋಷವೇ?

ಗಣಿತದ ಮೇಷ್ಟ್ರು:
ದೋಷ ತೂಕದಲ್ಲಿಲ್ಲ, ಅಳತೆಗೋಲಿನಲ್ಲಿದೆ. ನೀವು ಹಂಚಿಕೊಂಡ ಪಟ್ಟಿಯಲ್ಲಿ ಮೇಲಿನ 40 ಆಟಗಾರರ ಪ್ರತಿಭೆಯ ಅಂಕಗಳು 80ರಿಂದ 92ರೊಳಗೇ ಇವೆ. ಅತ್ಯುತ್ತಮನಿಗೂ ನಲವತ್ತನೆಯವನಿಗೂ ನಡುವಿನ ಅಂತರ 12, ಅದನ್ನು 0.6ರಿಂದ ಗುಣಿಸಿದರೆ ಬರಿಯ 7.2. ಕೊರತೆಯ ಅಂಕಗಳಾದರೋ 0ಯಿಂದ 100ರವರೆಗೆ ಹರಡಿಕೊಂಡಿವೆ, 0.4ರಿಂದ ಗುಣಿಸಿದ ಮೇಲೂ ಅಂತರ 40 ಉಳಿಯುತ್ತದೆ. ಪ್ರತಿಭೆಗೆ ಹೆಚ್ಚು ತೂಕ ಕೊಟ್ಟಿದ್ದೇನೆಂದು ನೀವು ತಿಳಿದಿದ್ದರೂ, ತಕ್ಕಡಿಯಲ್ಲಿ ಕೊರತೆಯ ತಟ್ಟೆ ಐದೂವರೆ ಪಟ್ಟು ಭಾರವಾಗಿ ಕುಳಿತಿದೆ.

ಪ್ರತಿಭೆಯ ಅಂಕದಿಂದ 80 ಕಳೆದು, 12ರಿಂದ ಭಾಗಿಸಿ, 100ರಿಂದ ಗುಣಿಸಿರಿ. ಆಗ ಕಾರ್ನರ್‌ಬ್ಯಾಕ್ 91.7, ಗಾರ್ಡ್ 8.3 ಆಗುತ್ತಾರೆ, ನಿಮ್ಮ ಮೊದಲಿನ ತೂಕಗಳಲ್ಲೇ ಒಟ್ಟು 63ಕ್ಕೆ 41. ಆದರೆ ಇದನ್ನು ತಾತ್ಕಾಲಿಕ ಮುಲಾಮು ಎಂದೇ ತಿಳಿಯಿರಿ. ಮುಂದೊಮ್ಮೆ ಮೊದಲ ಪಿಕ್ ನಿಮ್ಮದಾಗಿ, ಟ್ರೆವರ್ ಲಾರೆನ್ಸ್ ಅವರಂತಹ ಒಬ್ಬರಿಗೆ 99 ಕೊಟ್ಟಿರೆಂದರೆ, ಉಳಿದವರೆಲ್ಲ ಅಳತೆಗೋಲಿನ ಕೆಳತುದಿಯಲ್ಲಿ ಒತ್ತೊತ್ತಾಗಿ ಸೇರಿಕೊಳ್ಳುತ್ತಾರೆ.

ಒಹಾಯೋ ಅಕ್ಕ:
ಮೇಷ್ಟ್ರು ಹೇಳಿದ್ದು ಸರಿ. ನಾನಾಗಿದ್ದರೆ ಕೂಡಿಸುವ ಲೆಕ್ಕವನ್ನೇ ಕೈಬಿಡುತ್ತಿದ್ದೆ. ಪ್ರತಿಭೆಯನ್ನು ಮಾತ್ರ ನೋಡಿ ಆಟಗಾರರನ್ನು ಪಂಕ್ತಿಗಳಲ್ಲಿ ಕೂರಿಸಿರಿ. ಎರಡು ಮೂರು ಅಂಕಗಳ ಒಳಗಿರುವವರು ಒಂದೇ ಪಂಕ್ತಿ. ಮೇಲಿನ ಪಂಕ್ತಿಯಲ್ಲಿ ಒಬ್ಬರು ಉಳಿದಿರುವಾಗ ಕೆಳಗಿನ ಪಂಕ್ತಿಗೆ ಕೈಹಾಕಬಾರದು. ಕೊರತೆಯನ್ನು ಕೇಳಬೇಕಾದದ್ದು ಒಂದೇ ಪಂಕ್ತಿಯವರ ನಡುವೆ ಆರಿಸುವಾಗ ಮಾತ್ರ. ಅಲ್ಲಿಯೂ ಕೇಳಬೇಕಾದ ಪ್ರಶ್ನೆ "ನಮಗೆ ಯಾವ ಸ್ಥಾನ ಬೇಕು" ಎಂಬುದಲ್ಲ, "ನಮ್ಮ ಮುಂದಿನ ಸರದಿ ಬರುವ ಹೊತ್ತಿಗೆ ಯಾವ ಸ್ಥಾನದಲ್ಲಿ ಎಷ್ಟು ಒಳ್ಳೆಯವರು ಉಳಿದಿರುತ್ತಾರೆ" ಎಂಬುದು.

ಚೇಸ್ ಮತ್ತು ಸೂಅಲ್ ಅವರ ವಿಷಯಕ್ಕೆ ಬರುತ್ತೇನೆ. ಆ ಏಪ್ರಿಲ್‌ನಲ್ಲಿ ನಮ್ಮ ಊರಿನಲ್ಲಿ ಇದೊಂದೇ ಮಾತಾಗಿತ್ತು. 2020ರ ನವೆಂಬರ್‌ನಲ್ಲಿ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ಆಕ್ರಮಣ ನಡೆಸುವವರು) ಜೋ ಬರೋ ಅವರ ಮೊಣಕಾಲು ಹೋಗಿತ್ತು, ಅವರನ್ನು ಕಾಯಬೇಕಾದ ಅಫೆನ್ಸಿವ್ ಲೈನ್ ಸೋರುತ್ತಿತ್ತು. ಕೊರತೆಯ ಕಾಲಂ ಸೂಅಲ್ ಎಂದು ಕೂಗುತ್ತಿತ್ತು. ತಂಡ ಚೇಸ್ ಅವರನ್ನು ತೆಗೆದುಕೊಂಡಿತು. ಅವರು ಮೊದಲ ವರ್ಷವೇ 1,455 ಯಾರ್ಡ್, 13 ಟಚ್‌ಡೌನ್ ಗಳಿಸಿ ವರ್ಷದ ಹೊಸ ಆಕ್ರಮಣ ಆಟಗಾರ ಪ್ರಶಸ್ತಿ ಪಡೆದರು, ತಂಡ ಲೀಗ್‌ನ ಅಂತಿಮ ಪಂದ್ಯ ಸೂಪರ್ ಬೌಲ್ ತಲುಪಿತು. ಹಾಗೆಂದು ಲೈನಿನ ಕೊರತೆ ಸುಳ್ಳಾಗಿರಲಿಲ್ಲ: ಆ ಲೀಗ್ ಹಂತದಲ್ಲಿ ಬರೋ 51 ಬಾರಿ ಸ್ಯಾಕ್ ಆದರು (ಚೆಂಡೆಸೆಯುವ ಮೊದಲೇ ಎದುರಾಳಿಗಳು ಕೆಡವಿದರು), ಟೆನೆಸ್ಸಿ ವಿರುದ್ಧದ ಪ್ಲೇಆಫ್‌ನಲ್ಲಿ ಒಂಬತ್ತು ಬಾರಿ ನೆಲಕ್ಕೆ ಬಿದ್ದೂ ಗೆದ್ದರು, ಸೂಪರ್ ಬೌಲ್‌ನಲ್ಲಿ ಏಳು ಬಾರಿ ಬಿದ್ದು 23–20ರಿಂದ ಸೋತರು. ಅತ್ತ ಏಳನೇ ಪಿಕ್‌ನಲ್ಲಿ ಡೆಟ್ರಾಯಿಟ್‌ಗೆ ಹೋದ ಸೂಅಲ್ ಕೂಡ ಆಲ್-ಪ್ರೊ (ಲೀಗ್‌ನ ವರ್ಷದ ಅತ್ಯುತ್ತಮರ ತಂಡಕ್ಕೆ ಆಯ್ಕೆ) ಆದರು. ಇಬ್ಬರೂ ಒಂದೇ ಪಂಕ್ತಿಯವರಾಗಿದ್ದರು. ನಿಮ್ಮ ಲೆಕ್ಕ ಸೂಅಲ್ ಎಂದದ್ದು ತಪ್ಪಲ್ಲ.

ಆದರೂ ನಾನು ಚೇಸ್ ಅವರ ಕಡೆಗೇ ವಾಲುತ್ತೇನೆ, ಕಾರಣ ಸಿನ್ಸಿನಾಟಿಯ ಮುಂದಿನ ಸರದಿಯಾದ 38ನೇ ಪಿಕ್. ಆ ವರ್ಷ ಲೈನ್ ಆಟಗಾರರು ಎರಡನೇ ಸುತ್ತಿನಲ್ಲೂ ಧಾರಾಳವಾಗಿದ್ದರು: ಟೆವೆನ್ ಜೆಂಕಿನ್ಸ್ 39ನೆಯವರಾಗಿ, ಸ್ಯಾಮ್ ಕಾಸ್ಮಿ 51ನೆಯವರಾಗಿ, ಕ್ರೀಡ್ ಹಂಫ್ರಿ 63ನೆಯವರಾಗಿ ಹೋದರು. ಸಿನ್ಸಿನಾಟಿ 38ರಿಂದ 46ಕ್ಕೆ ಇಳಿದು ಜ್ಯಾಕ್ಸನ್ ಕಾರ್ಮನ್ ಅವರನ್ನು ಆರಿಸಿತು, ಅವರು ನೆಲೆ ನಿಲ್ಲಲಿಲ್ಲ. ಎಂದರೆ ಮುಂದೂಡಿದ ಕೊರತೆ ತಾನಾಗಿ ತುಂಬುವುದಿಲ್ಲ. ಕೊನೆಗೆ 2022ರ ಮಾರ್ಚ್‌ನಲ್ಲಿ ಅಲೆಕ್ಸ್ ಕ್ಯಾಪಾ, ಟೆಡ್ ಕ್ಯಾರಸ್, ಲಾಎಲ್ ಕಾಲಿನ್ಸ್ ಮೂವರು ಲೈನ್ ಆಟಗಾರರನ್ನು ಫ್ರೀ ಏಜೆಂಟ್‌ಗಳಾಗಿ (ಯಾವ ತಂಡದ ಒಪ್ಪಂದವೂ ಇಲ್ಲದವರಾಗಿ) ತಂದರು. ಗಾರ್ಡ್ ಮತ್ತು ಸೆಂಟರ್‌ಗಳು ಮಾರುಕಟ್ಟೆಗೆ ಬರುತ್ತಾರೆ; ಚೇಸ್ ಅಂಥವರನ್ನು ಅವರ ತಂಡಗಳು ಸುಲಭಕ್ಕೆ ಬಿಡುವುದಿಲ್ಲ. ಈ ವ್ಯತ್ಯಾಸಕ್ಕೊಂದು ಕಾಲಂ ಇರಲಿ.

ಕೊನೆಯ ಪಿಕ್:
ಒಂದು ಆಕ್ಷೇಪ. ಪ್ರತಿಭೆಯ ಅಂಕ ಕೊರತೆಯಿಂದ ಮುಕ್ತವಾಗಿದೆಯೆಂದು ನೀವೆಲ್ಲ ನಂಬಿಕೊಂಡಿದ್ದೀರಿ. ಟ್ಯಾಕಲ್ ಬೇಕೆಂದು ಗೊತ್ತಿರುವವನು ಟ್ಯಾಕಲ್‌ಗಳ ವಿಡಿಯೊವನ್ನೇ ಹೆಚ್ಚು ನೋಡುತ್ತಾನೆ, ಅವರಲ್ಲಿ ಗುಣಗಳನ್ನೇ ಹುಡುಕುತ್ತಾನೆ, ಅರಿವಿಲ್ಲದೆ ಎರಡು ಅಂಕ ಹೆಚ್ಚು ಕೊಡುತ್ತಾನೆ. ಆಮೇಲೆ ಕೊರತೆಯ ಕಾಲಂ ಅದೇ ಆಟಗಾರನಿಗೆ ಮತ್ತೊಮ್ಮೆ ಬಡಿಸುತ್ತದೆ. ಐಪಿಎಲ್ ಹರಾಜಿನಲ್ಲಿ ಇಂತಹ ಮೋಹಕ್ಕೆ ಎದುರಾಳಿ ಕೂಗಿದ ಬೆಲೆಯಾದರೂ ಕಡಿವಾಣ ಹಾಕುತ್ತದೆ. ಡ್ರಾಫ್ಟ್‌ನಲ್ಲಿ ಸರದಿ ಬಂದಾಗ ನಿಮ್ಮನ್ನು ತಡೆಯುವವರು ಯಾರೂ ಇಲ್ಲ. ನಿಮ್ಮ ಎಂಟು ಮಂದಿಯಲ್ಲಿ ತಂಡಗಳನ್ನು ಹಂಚುವ ಮೊದಲೇ ಆಟಗಾರರ ಅಂಕಗಳನ್ನು ಬರೆದು ಮುಚ್ಚಿಡಿ, ಹಂಚಿದ ಮೇಲೆ ತಿದ್ದಬೇಡಿ.

ಮೂರನೇ ಡೌನ್:
ಎಲ್ಲರಿಗೂ ಧನ್ಯವಾದಗಳು. ಪಂಕ್ತಿ ಮಾಡಿದ ಕೂಡಲೇ ಗಾರ್ಡ್‌ಗಳು ಇಳಿದರು. ಈ ಕ್ರಮವನ್ನು ಪರೀಕ್ಷಿಸಲು 2011ರ ಡ್ರಾಫ್ಟ್ ಹಾಕಿ ನೋಡಿದೆ, ಅಲ್ಲಿ ಬೇರೆ ತೊಡಕು ಎದುರಾಯಿತು: ಎಂಟರಿಂದ ಹನ್ನೆರಡರವರೆಗಿನ ಪಿಕ್‌ಗಳಲ್ಲಿ ಒಬ್ಬ ಕ್ವಾರ್ಟರ್‌ಬ್ಯಾಕ್ ಹೆಸರೂ ಬರುತ್ತಿಲ್ಲ. ಕ್ವಾರ್ಟರ್‌ಬ್ಯಾಕ್ ಇಲ್ಲದ ತಂಡ ಪಂಕ್ತಿಯನ್ನು ನೋಡುತ್ತಾ ಕೂರಲು ಸಾಧ್ಯವೇ?

ಒಹಾಯೋ ಅಕ್ಕ:
ನೀವು ಆರಿಸಿಕೊಂಡ ವರ್ಷವೇ ಅದಕ್ಕೆ ಉತ್ತರ ಕೊಡುತ್ತದೆ. ಟೆನೆಸ್ಸಿ ಎಂಟನೆಯದಾಗಿ ಜೇಕ್ ಲಾಕರ್, ಜ್ಯಾಕ್ಸನ್‌ವಿಲ್ ಹತ್ತನೆಯದಾಗಿ ಬ್ಲೇನ್ ಗ್ಯಾಬರ್ಟ್, ಮಿನೆಸೋಟಾ ಹನ್ನೆರಡನೆಯದಾಗಿ ಕ್ರಿಶ್ಚಿಯನ್ ಪಾಂಡರ್ ಅವರನ್ನು ಆರಿಸಿದವು; ಮೂವರಲ್ಲಿ ಯಾರೂ ಆ ತಂಡಗಳ ಕೊರತೆಯನ್ನು ನೀಗಲಿಲ್ಲ. ಕೊನೆಯ ಎರಡು ಹೆಸರುಗಳ ನಡುವೆ, ಹನ್ನೊಂದನೆಯದಾಗಿ, ಹ್ಯೂಸ್ಟನ್ ಆರಿಸಿದ್ದು ಜೆ. ಜೆ. ವಾಟ್ ಅವರನ್ನು, ಅವರು ಮುಂದೆ ಮೂರು ಬಾರಿ ವರ್ಷದ ರಕ್ಷಣಾ ಆಟಗಾರರಾದರು.

ಅದೇ ವರ್ಷ ಸಿನ್ಸಿನಾಟಿಗೂ ಕ್ವಾರ್ಟರ್‌ಬ್ಯಾಕ್ ಬೇಕಾಗಿತ್ತು, ಏಕೆಂದರೆ ಆಗಿನ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ಪಾಮರ್ ಇನ್ನು ಇಲ್ಲಿ ಆಡುವುದಿಲ್ಲವೆಂದು ಹಟ ಹಿಡಿದಿದ್ದರು. ತಂಡ ನಾಲ್ಕನೆಯದಾಗಿ ರಿಸೀವರ್ ಎ. ಜೆ. ಗ್ರೀನ್ ಅವರನ್ನು ತೆಗೆದುಕೊಂಡು, 35ನೇ ಪಿಕ್‌ವರೆಗೆ ಕಾದು ಕ್ವಾರ್ಟರ್‌ಬ್ಯಾಕ್ ಆ್ಯಂಡಿ ಡಾಲ್ಟನ್ ಅವರನ್ನು ಪಡೆಯಿತು. ಮುಂದಿನ ಐದು ವರ್ಷವೂ ಪ್ಲೇಆಫ್ ತಲುಪಿತು. (ಐದರಲ್ಲೂ ಮೊದಲ ಪಂದ್ಯದಲ್ಲೇ ಸೋತಿತೆಂಬುದನ್ನು ಇಲ್ಲಿಯವಳಾಗಿ ಮುಚ್ಚಿಡಲಾರೆ.) ಆದ್ದರಿಂದ ಕ್ವಾರ್ಟರ್‌ಬ್ಯಾಕ್‌ಗೆ ಒಂದು ಪಂಕ್ತಿಯ ರಿಯಾಯಿತಿ ಕೊಡಿ, ಎರಡು ಬೇಡ.

ಗಣಿತದ ಮೇಷ್ಟ್ರು:
ಕೊರತೆಯನ್ನು ಈ ವರ್ಷಕ್ಕಷ್ಟೇ ಅಳೆಯಬೇಡಿರಿ. ಡ್ರಾಫ್ಟ್‌ನಲ್ಲಿ ಬಂದವರ ಮೊದಲ ಒಪ್ಪಂದ ನಾಲ್ಕು ವರ್ಷದ್ದು. ಮೊದಲ ಸುತ್ತಿನವರಾದರೆ ಐದನೆಯ ವರ್ಷವನ್ನೂ ತಂಡ ಉಳಿಸಿಕೊಳ್ಳಬಹುದು. 2005ರಲ್ಲಿ ಗ್ರೀನ್ ಬೇ ತಂಡದ ಕ್ವಾರ್ಟರ್‌ಬ್ಯಾಕ್ ಕಾಲಂನಲ್ಲಿ ಆ ದಿನದ ಕೊರತೆ ಸೊನ್ನೆಯಾಗಿತ್ತು, ಆದರೆ ಆ ಸ್ಥಾನದಲ್ಲಿದ್ದ ಬ್ರೆಟ್ ಫಾರ್ವ್ ಅವರಿಗೆ ಆಗಲೇ 35 ವರ್ಷ. 24ನೆಯವರಾಗಿ ಬಂದ ಆ್ಯರನ್ ರಾಜರ್ಸ್ ಮೂರು ವರ್ಷ ಬೆಂಚಿನಲ್ಲಿ ಕುಳಿತು 2008ರಲ್ಲಿ ಆಡಲು ಇಳಿದರು. ಪ್ರತಿ ಸ್ಥಾನಕ್ಕೂ ಈ ವರ್ಷ, ಮುಂದಿನ ವರ್ಷ, ಅದರಾಚೆಯ ವರ್ಷ ಎಂದು ಮೂರು ಅಂಕ ಬರೆದು ಸರಾಸರಿ ತೆಗೆಯಿರಿ. ವಯಸ್ಸು ಮತ್ತು ಒಪ್ಪಂದ ಮುಗಿಯುವ ವರ್ಷ ತಿಳಿದಿದ್ದರೆ ಸಾಕು.

ಮೂರನೇ ಡೌನ್:
ಮೂರು ವರ್ಷದ ಸರಾಸರಿ ಸೇರಿಸಿದೆ. ಕೊನೆಯ ಪಿಕ್ ಅವರ ಸಲಹೆ ಈ ಬಾರಿಗೆ ತಡವಾಯಿತು, ಮುಂದಿನ ಆಟದಿಂದ ಜಾರಿಗೆ ತರಲು ಗೆಳೆಯರು ಒಪ್ಪಿದ್ದಾರೆ. ಚೇಸ್ ಮತ್ತು ಸೂಅಲ್ ಈಗ ಒಂದೇ ಪಂಕ್ತಿಯಲ್ಲಿದ್ದಾರೆ. 38ರಲ್ಲಿ ಉಳಿಯಬಹುದಾದ ರಿಸೀವರ್‌ಗಳು ನನ್ನ ಪಟ್ಟಿಯಲ್ಲಿ ಎರಡು ಪಂಕ್ತಿ ಕೆಳಗಿದ್ದಾರೆ, ಲೈನ್ ಆಟಗಾರರು ಒಂದೇ ಪಂಕ್ತಿ ಕೆಳಗಿದ್ದಾರೆ. ಹಾಗಾಗಿ ಚೇಸ್ ಅವರ ಹೆಸರನ್ನು ಕಳುಹಿಸಿದ್ದೇನೆ. 38ನೇ ಪಿಕ್ ಶನಿವಾರ ಬರುತ್ತದೆ. ಜೆಂಕಿನ್ಸ್ ಉಳಿದಿದ್ದರೆ ಅವರೇ. ಮೊದಲು ಕಾಟ ಕೊಟ್ಟ ಗಾರ್ಡ್ ಸದ್ಯ 33ನೇ ಸಾಲಿನಲ್ಲಿದ್ದಾರೆ.