ಸಾಲದ ರಾಜಿಯೂ ಸಿಬಿಲ್ ವರದಿಯೂ: ದಾವಣಗೆರೆ ವರ್ತಕರ ಗುಂಪಿನ ಪ್ರಶ್ನೋತ್ತರ

ನಿಟುವಳ್ಳಿಯ ಸದಸ್ಯರು: ಸರ್, ಕ್ರೆಡಿಟ್ ಕಾರ್ಡಿನ 1,80,000 ರೂಪಾಯಿ ಬಾಕಿಯನ್ನು ಬ್ಯಾಂಕಿನವರೇ ಕರೆದು 1,10,000ಕ್ಕೆ ಮುಗಿಸಿದರು. ಬಾಕಿ ಇಲ್ಲವೆಂಬ ಪತ್ರವೂ ಇದೆ. ಆದರೂ ಗೃಹಸಾಲದ ಅರ್ಜಿ ತಿರಸ್ಕೃತವಾಗಿದೆ.

ನಿವೃತ್ತ ಬ್ಯಾಂಕ್ ವ್ಯವಸ್ಥಾಪಕರು: ಆ ಪತ್ರವು ವಸೂಲಿಯಿಂದ ನಿಮ್ಮನ್ನು ಕಾಪಾಡುತ್ತದೆಯೇ ಹೊರತು ಸಿಬಿಲ್ ವರದಿಯನ್ನು, ಅಂದರೆ ನಿಮ್ಮ ಸಾಲ ಮರುಪಾವತಿಯ ದಾಖಲೆಯನ್ನು, ಸರಿಪಡಿಸುವುದಿಲ್ಲ. ಬ್ಯಾಂಕು 70,000 ಬಿಟ್ಟುಕೊಟ್ಟಿರುವುದರಿಂದ ಖಾತೆಯು ‘ಕ್ಲೋಸ್ಡ್’ (ಪೂರ್ತಿ ತೀರಿದೆ) ಎನ್ನುವ ಬದಲು ‘ಸೆಟಲ್ಡ್’ (ಕಡಿಮೆ ಮೊತ್ತಕ್ಕೆ ರಾಜಿಯಾಗಿದೆ) ಎಂದು ದಾಖಲಾಗಿದೆ. ಉಳಿದ ಮೊತ್ತವನ್ನು ಕಟ್ಟಲು ಸಿದ್ಧವೆಂದು ಲಿಖಿತವಾಗಿ ಕೇಳಿ; ಅವರು ಒಪ್ಪಿದರೆ ಸ್ಥಿತಿ ಬದಲಾಗಬಹುದು, ತಡವಾದ ಕಂತುಗಳ ಗುರುತು ಉಳಿಯುತ್ತದೆ.

ಹರಿಹರದ ಸದಸ್ಯರು: ಸೆಟಲ್‌ಮೆಂಟ್ ಮಾಡಿಕೊಂಡರೆ ಸಿಬಿಲ್ ಸ್ಕೋರ್ (ಸಾಲ ತೀರಿಸುವ ನಂಬಿಕೆಯ ಅಂಕ) ಇಳಿಯುತ್ತದೆಯೇ?

ವ್ಯವಸ್ಥಾಪಕರು: ಇಳಿಯುತ್ತದೆ. ಮೇಲಿನ ಉತ್ತರ ಓದಿ.

ಜಗಳೂರಿನ ಸದಸ್ಯರು: ಮೆಕ್ಕೆಜೋಳದ ವ್ಯಾಪಾರಕ್ಕೆ ನನ್ನ ಷಡ್ಡಕರು ಪಡೆದ ಸಾಲಕ್ಕೆ ನಾನು ಜಾಮೀನು ನಿಂತಿದ್ದೇನೆ. ಅವರೀಗ ಕಡಿಮೆ ಮೊತ್ತಕ್ಕೆ ರಾಜಿ ಮಾಡಿಕೊಳ್ಳುತ್ತಿದ್ದಾರೆ. ಬ್ಯಾಂಕು ನನ್ನ ಸಹಿಯನ್ನೂ ಕೇಳುತ್ತಿದೆ. ಹಾಕಲೇ?

ವ್ಯವಸ್ಥಾಪಕರು: ಇಂದಿನ ಪ್ರಶ್ನೆಗಳಲ್ಲಿ ನನಗೆ ಆತಂಕ ತಂದದ್ದು ಇದು. 1872ರ ಕರಾರು ಕಾಯ್ದೆಯ 128ನೇ ಕಲಮಿನಂತೆ ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ ಇರುತ್ತದೆ. ಆದ್ದರಿಂದ ಷಡ್ಡಕರ ಸಾಲವು ನಿಮ್ಮ ವರದಿಯಲ್ಲೂ ಜಾಮೀನುದಾರರೆಂಬ ಹೆಸರಿನಡಿ ಕಾಣಿಸಿಕೊಳ್ಳಬಹುದು. ಆದರೆ 135ನೇ ಕಲಮಿನ ಪ್ರಕಾರ, ಜಾಮೀನುದಾರರ ಒಪ್ಪಿಗೆಯಿಲ್ಲದೆ ಬ್ಯಾಂಕು ಸಾಲಗಾರರೊಡನೆ ರಾಜಿ ಮಾಡಿಕೊಂಡರೆ ಜಾಮೀನುದಾರರು ಹೊಣೆಯಿಂದ ಮುಕ್ತರಾಗುತ್ತಾರೆ. ನಿಮ್ಮ ಸಹಿ ಬೇಕಾಗಿರುವುದು ಬಹುಶಃ ಇದಕ್ಕಾಗಿಯೇ. ಮೊದಲು ಬರೆದುಕೊಟ್ಟ ಜಾಮೀನು ಪತ್ರದಲ್ಲಿಯೇ ಈ ರಕ್ಷಣೆಯನ್ನು ಬಿಟ್ಟುಕೊಡುವ ಷರತ್ತು ಸಾಮಾನ್ಯವಾಗಿ ಇರುತ್ತದೆ, ಅದನ್ನು ಹುಡುಕಿ ಓದಿ. ನಿಮ್ಮ ಜಾಮೀನು ರದ್ದಾಯಿತೆಂಬ ಸಾಲು ರಾಜಿ ಪತ್ರದಲ್ಲಿ ಇರಲೇಬೇಕು.

ವಿದ್ಯಾನಗರದ ಸದಸ್ಯರು: ಫಾರ್ವರ್ಡ್ ಬಂದಿದೆ: 1,999 ರೂಪಾಯಿ ಕಟ್ಟಿದರೆ 48 ಗಂಟೆಯಲ್ಲಿ ಸಿಬಿಲ್ ಶುದ್ಧ. ನಿಜವೇ?

ವ್ಯವಸ್ಥಾಪಕರು: ಇದನ್ನು ಇಲ್ಲಿ ಹಾಕಬೇಡಿರೆಂದು ಹಿಂದೆಯೇ ಬೇಡಿಕೊಂಡಿದ್ದೆ. ನಿಜವಾದ ಬಾಕಿಯನ್ನು ಹಣ ಪಡೆದು ಅಳಿಸುವ ಅಧಿಕಾರ ಯಾರಿಗೂ ಇಲ್ಲ. ತಪ್ಪು ನಮೂದಿದ್ದರೆ ದೂರು ಉಚಿತ; 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರಿಂದ ಜಾರಿಯಲ್ಲಿದೆ. ಆಧಾರ್, ಪ್ಯಾನ್, ಒಟಿಪಿ ಕೊಟ್ಟು ಆಮೇಲೆ ನನ್ನ ಬಳಿ ಬರಬೇಡಿ.

ಪಿ.ಜೆ. ಬಡಾವಣೆಯ ಸದಸ್ಯರು: ದೊಡ್ಡವರ ಕೋಟಿಗಳನ್ನು ರೈಟ್ ಆಫ್ ಮಾಡುವ ಬ್ಯಾಂಕುಗಳಿಗೆ ನಮ್ಮ 70,000 ಮಾತ್ರ ಕಾಣುತ್ತದೆಯೇ?

ಹರಿಹರದ ಸದಸ್ಯರು: ರೈಟ್ ಆಫ್ ಎಂದರೆ ಮನ್ನಾ ಅಲ್ಲ, ಬ್ಯಾಂಕಿನ ಲೆಕ್ಕದಿಂದ ತೆಗೆಯುವುದಷ್ಟೇ; ವಸೂಲಿ ಮುಂದುವರಿಯುತ್ತದೆ. ತಿಳಿಯದೆ ಬರೆಯಬೇಡಿ.

ಪಿ.ಜೆ. ಬಡಾವಣೆಯ ಸದಸ್ಯರು: ಅಷ್ಟು ತಿಳಿದವರು ಸ್ಕೋರ್ ಇಳಿಯುತ್ತದೆಯೇ ಎಂದು ಕೇಳಿದ್ದೇಕೆ?

ಚನ್ನಗಿರಿಯ ಸದಸ್ಯರು: ಅಡಿಕೆ ತೋಟದ ಸಾಲದ ಕಂತನ್ನು ಮುಂದೂಡಿಸಿಕೊಂಡರೂ ‘ಸೆಟಲ್ಡ್’ ಎಂದೇ ಬರುತ್ತದೆಯೇ?

ಹರಿಹರದ ಸದಸ್ಯರು: ಪಿ.ಜೆ. ಬಡಾವಣೆಯವರೇ, ಕೇಳುವುದೂ ತಪ್ಪೇ? ನಿಮ್ಮ ಹಾಗೆ ಕೂಗಾಡುವುದಕ್ಕಿಂತ ವಾಸಿ.

ವ್ಯವಸ್ಥಾಪಕರು: ಇಬ್ಬರೂ ಖಾಸಗಿಯಾಗಿ ಜಗಳವಾಡಿಕೊಳ್ಳಿ.

ಜಗಳೂರಿನ ಸದಸ್ಯರು: ಸರ್, ರಾಜಿ ಪತ್ರದ ಕರಡು ಸಿಕ್ಕಿತು. ನನ್ನ ಜಾಮೀನಿನ ಪ್ರಸ್ತಾಪವೇ ಇಲ್ಲ. ನಾಳೆಯೇ ಸಹಿ ಬೇಕೆನ್ನುತ್ತಿದ್ದಾರೆ.

ವ್ಯವಸ್ಥಾಪಕರು: ಹಾಕಬೇಡಿ. ಷಡ್ಡಕರು ಬೇಸರಿಸಿಕೊಂಡರೂ ಸರಿಯೇ, ಕರಡನ್ನೂ ಹಳೆಯ ಜಾಮೀನು ಪತ್ರದ ಪ್ರತಿಯನ್ನೂ ಮೊದಲು ವಕೀಲರಿಗೆ ತೋರಿಸಿ.