ಕಬಡ್ಡಿ, ಫುಟ್‌ಬಾಲ್ ಫೋಟೋಕ್ಕೆ ಹೆಬ್ಬೆರಳಿನ ಫೋಕಸ್: ನಿಜವಾಗಿ ಲಾಭ ಉಂಟಾ?

ಪಣಂಬೂರು_ಲೆನ್ಸ್
ಕ್ಯಾಮೆರಾ ಕ್ಯಾನನ್ 80ಡಿ. ಲೆನ್ಸ್ 85 ಎಂಎಂ ಎಫ್/1.8 ಮತ್ತು 55-250 ಎಸ್‌ಟಿಎಂ. ತೆಗೆಯುವುದು ಹೈಸ್ಕೂಲ್ ಹುಡುಗಿಯರ ಹೊನಲು ಬೆಳಕಿನ ಕಬಡ್ಡಿ, ಹಗಲಲ್ಲಿ ಮಂಗಳೂರಿನ ನೆಹರೂ ಮೈದಾನದ ಫುಟ್‌ಬಾಲ್. ಎಐ ಸರ್ವೋ (ಓಡುವವರನ್ನು ಬಿಡದೆ ಹಿಂಬಾಲಿಸುವ ಫೋಕಸ್), 45 ಪಾಯಿಂಟ್ ಆಟೋ (ಫೋಕಸ್ ಎಲ್ಲಿಗೆ ಎಂದು ಕ್ಯಾಮೆರಾವೇ ಆರಿಸುವುದು), ಶಟರ್ 1/250 ಸೆಕೆಂಡ್. ಅರ್ಧಕ್ಕರ್ಧ ಫೋಟೋ ಮಸುಕು. ಕಬಡ್ಡಿಯಲ್ಲಿ ಒಂದು ಫ್ರೇಮ್ ಬೆಳ್ಳಗೆ, ಮುಂದಿನದು ಹಳದಿಯಾಗಿ ಕಪ್ಪು. ಬ್ಯಾಕ್ ಬಟನ್ ಫೋಕಸ್‌ಗೆ (ಶಟರ್ ಬಟನ್ ಬದಲು ಹಿಂಬದಿಯ ಬಟನ್ನನ್ನು ಹೆಬ್ಬೆರಳಲ್ಲಿ ಒತ್ತಿ ಫೋಕಸ್ ಮಾಡುವುದು) ಬದಲಾಯಿಸಿದರೆ ಸರಿಯಾಗುತ್ತದಾ? ಹೊಂದಿಸುವುದು ಹೇಗೆ?

ಅಜ್ಜರಕಾಡು_ಟ್ರ್ಯಾಕ್
ಬಟನ್ ಬದಲಾಯಿಸಿದರೆ ಫೋಕಸ್ ವೇಗ ಒಂದಿಷ್ಟೂ ಹೆಚ್ಚುವುದಿಲ್ಲ ಮಾರಾಯ್ರೆ. ಮೋಟಾರ್ ಅದೇ, ಸೆನ್ಸಾರ್ ಅದೇ. ಫೋಕಸ್ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎನ್ನುವುದು ನಿಮ್ಮ ಕೈಗೆ ಬರುತ್ತದೆ, ಅಷ್ಟೆ.

ಮೊದಲು ಮಸುಕು ಯಾವ ಜಾತಿಯದ್ದು ನೋಡಿ. ಫೋಟೋವನ್ನು ನೂರು ಪರ್ಸೆಂಟ್ ಹಿಗ್ಗಿಸಿ. ರೈಡರ್ ಮಸುಕಾಗಿ ಹಿಂದಿನ ಅಂಪೈರ್ ಅಥವಾ ಮ್ಯಾಟಿನ ಗೆರೆ ಚೂಪಾಗಿದ್ದರೆ ಫೋಕಸ್ ತಪ್ಪಿದೆ. ಮುಖ ಸರಿಯಿದ್ದು ಕೈಕಾಲು ಮಾತ್ರ ಎಳೆದ ಹಾಗಿದ್ದರೆ ಶಟರ್ ಸಾಲದು. ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಿದ್ದರೆ ಕೈ ಅಲುಗಿದೆ. 1/250ರಲ್ಲಿ ನಿಮ್ಮದು ಬಹುಪಾಲು ಎರಡನೆಯದೇ ಇರಬಹುದು. ಕಬಡ್ಡಿಗೆ ಕನಿಷ್ಠ 1/500, ಸಾಧ್ಯವಾದರೆ 1/640. ಹಗಲಿನ ಫುಟ್‌ಬಾಲಿಗೆ 1/1000ಕ್ಕಿಂತ ಕೆಳಗೆ ಇಳಿಯಬೇಡಿ. ಎಂ (ಮ್ಯಾನುಯಲ್) ಮೋಡ್, ಬೆಳಕಿಗೆ ಸೆನ್ಸಾರ್ ಎಷ್ಟು ಸೂಕ್ಷ್ಮ ಎನ್ನುವುದಕ್ಕೆ ಆಟೋ ಐಎಸ್‌ಒ, ಮಿತಿ 6400. ಗ್ರೇನ್ ಬಂದರೆ ಬರಲಿ, ಕಡಿಮೆ ಮಾಡಬಹುದು. ಎಳೆದ ಮುಖವನ್ನು ಮಾತ್ರ ಯಾವ ಸಾಫ್ಟ್‌ವೇರೂ ಸರಿ ಮಾಡುವುದಿಲ್ಲ.

ಪ್ಲೇಬ್ಯಾಕ್ ಮೆನುವಿನಲ್ಲಿ ಎಎಫ್ (ಆಟೋ ಫೋಕಸ್) ಪಾಯಿಂಟ್ ಡಿಸ್ಪ್ಲೇ ಆನ್ ಮಾಡಿಕೊಳ್ಳಿ. ಕೆಂಪು ಚೌಕ ಎಲ್ಲಿ ಕೂತಿದೆ ಎಂದು ಕಂಡರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇನ್ನು ಸೆಟ್ಟಿಂಗ್. ಕಸ್ಟಮ್ ಫಂಕ್ಷನ್ ಮೆನು, ಅದರಲ್ಲಿ ಕಸ್ಟಮ್ ಕಂಟ್ರೋಲ್ಸ್. ಶಟರ್ ಬಟನ್ನಿನ ಅರ್ಧ ಒತ್ತುವಿಕೆಗೆ 'ಮೀಟರಿಂಗ್ ಸ್ಟಾರ್ಟ್' ಮಾತ್ರ ಕೊಡಿ. ಹಿಂಬದಿಯ ಎಎಫ್-ಆನ್ ಬಟನ್ ಈಗಿದ್ದಂತೆ ಮೀಟರಿಂಗ್ ಮತ್ತು ಎಎಫ್‌ನಲ್ಲೇ ಇರಲಿ. ಇಲ್ಲಿಂದ ಮುಂದೆ ಹೆಬ್ಬೆರಳು ಒತ್ತಿ ಹಿಡಿದಷ್ಟು ಹೊತ್ತು ಸರ್ವೋ ಓಡುತ್ತದೆ, ಬಿಟ್ಟರೆ ಅಲ್ಲಿಗೇ ನಿಲ್ಲುತ್ತದೆ. ಕ್ಯಾಮೆರಾ ಬೇರೆಯವರ ಕೈಗೆ ಕೊಡುವಾಗ ಹೇಳಿಯೇ ಕೊಡಿ, ಇಲ್ಲದಿದ್ದರೆ 'ನಿಮ್ಮ ಕ್ಯಾಮೆರಾ ಹಾಳಾಗಿದೆ' ಅಂತ ವಾಪಸ್ ಬರುತ್ತದೆ.

45 ಪಾಯಿಂಟ್ ಆಟೋ ಕಬಡ್ಡಿಗೆ ಆಗಿಬರುವುದಿಲ್ಲ. ಹತ್ತಿರ ಇರುವುದರ ಕಡೆಗೇ ಅದರ ಒಲವು, ಹಾಗಾಗಿ ರೈಡರನ್ನು ಹಿಡಿಯಲು ನಿಂತ ಎದುರು ತಂಡದವರ ಬೆನ್ನನ್ನೇ ಹಿಡಿಯುತ್ತದೆ. ಕಬಡ್ಡಿಗೆ ಸಿಂಗಲ್ ಪಾಯಿಂಟ್, ಗುರಿ ರೈಡರ್‌ನ ಎದೆಯ ನಂಬರ್. ಬಿಳಿ ಅಂಗಿಯ ಕಪ್ಪು ಅಂಕಿಯಷ್ಟು ಸುಲಭದ ಗುರಿ ಫೋಕಸ್ ಸೆನ್ಸಾರಿಗೆ ಬೇರೆ ಸಿಗದು. ಫುಟ್‌ಬಾಲಿಗೆ ಝೋನ್ ಎಎಫ್ (ಅಕ್ಕಪಕ್ಕದ ಪಾಯಿಂಟುಗಳ ಗುಂಪು) ನಡೆಯುತ್ತದೆ, ಮಕ್ಕಳ ನಡುವೆ ಜಾಗ ಇರುತ್ತದಲ್ಲ.

ಒಂದು ಅಭ್ಯಾಸ ಮಾತ್ರ ಬೆಳೆಸಿಕೊಳ್ಳಲೇಬೇಕು: ಕ್ಲಿಕ್ಕಿಗೆ ಅರ್ಧ ಸೆಕೆಂಡಾದರೂ ಮೊದಲೇ ಹೆಬ್ಬೆರಳು ಒತ್ತಿರಬೇಕು. ಆಟಗಾರ ಎಷ್ಟು ವೇಗದಲ್ಲಿ ಹತ್ತಿರ ಬರುತ್ತಿದ್ದಾನೆ ಎಂದು ಸರ್ವೋ ಲೆಕ್ಕ ಹಾಕುವುದು ಆ ಹೊತ್ತಿನಲ್ಲಿ. ಎರಡೂ ಬಟನ್ ಒಟ್ಟಿಗೆ ಒತ್ತಿದರೆ ಮೊದಲ ಫ್ರೇಮುಗಳು ಹೋದವು ಎಂದೇ ತಿಳಿಯಿರಿ.

ಮಲ್ಪೆ_ಬಂದರು
ಮೇಲಿನದಕ್ಕೆ ಸ್ವಲ್ಪ ಸೇರಿಸುತ್ತೇನೆ.

85 ಎಂಎಂ ಅನ್ನು ಎಫ್/1.8ರಲ್ಲೇ (ಲೆನ್ಸಿನ ಕಂಡಿ ಪೂರ್ತಿ ತೆರೆದು) ಇಡಬೇಡಿ. ಐದು ಮೀಟರ್ ದೂರದಲ್ಲಿ ನಿಮ್ಮ ಸೆನ್ಸಾರಿಗೆ ಚೂಪಾಗಿ ಬರುವ ಆಳ ಸುಮಾರು 24 ಸೆಂ.ಮೀ. ಮಾತ್ರ. ರೈಡರ್ ಕೈ ಚಾಚಿದರೆ ಕೈ ಒಂದು ಕಡೆ, ಮುಖ ಇನ್ನೊಂದು ಕಡೆ. ಎಫ್/2.8ಕ್ಕೆ ಅದು 37 ಸೆಂ.ಮೀ. ಆಗುತ್ತದೆ. ಬೆಳಕು ತೀರಾ ಕಡಿಮೆಯಾದರೆ ಎಫ್/2.2. ಹುಡುಗಿಯರ ಅಂಕಣ 12×8 ಮೀಟರ್. ಮೂಲೆಯ ಹೊರಗೆ ನೆಲಕ್ಕೆ ಕೂತರೆ ಹೆಚ್ಚಿನ ದಾಳಿಗೆ 85 ಸಾಕು.

ಟ್ರ್ಯಾಕಿಂಗ್ ಸೆನ್ಸಿಟಿವಿಟಿ -1 ಅಥವಾ -2 ಮಾಡಿ. ಅಂಪೈರ್ ಅಡ್ಡ ಬಂದಾಗ ಫೋಕಸ್ ಅವರ ಹಿಂದೆ ಓಡುವುದಿಲ್ಲ. ಆಟಗಾರ್ತಿ ಚೌಕದಿಂದ ಜಾರಿ ತುಂಬ ಹೊತ್ತಾದರೆ ಇದೇ ಸೆಟ್ಟಿಂಗ್ ಉಪದ್ರ, ಹಿನ್ನೆಲೆಗೇ ಅಂಟಿಕೊಂಡಿರುತ್ತದೆ. ಆಗ ಹೆಬ್ಬೆರಳು ಬಿಟ್ಟು ಮತ್ತೆ ಒತ್ತಿ. ಎಐ ಸರ್ವೋ ಫಸ್ಟ್ ಇಮೇಜ್ ಪ್ರಯಾರಿಟಿಯನ್ನು (ಮೊದಲ ಫ್ರೇಮಿಗೆ ವೇಗ ಮುಖ್ಯವೋ ಫೋಕಸ್ ಮುಖ್ಯವೋ ಎನ್ನುವ ಸೆಟ್ಟಿಂಗ್) ಫೋಕಸ್ ಕಡೆಗೆ ತಳ್ಳಿ.

ಹಳದಿ ಫ್ರೇಮಿಗೂ ಫೋಕಸ್‌ಗೂ ಸಂಬಂಧ ಇಲ್ಲ. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. 80ಡಿಯ ಶೂಟಿಂಗ್ ಮೆನುವಿನಲ್ಲಿ ಆಂಟಿ-ಫ್ಲಿಕರ್ ಉಂಟು, ಆನ್ ಮಾಡಿ. ಬೆಳಕು ಶಿಖರದಲ್ಲಿದ್ದಾಗ ಶಟರ್ ತೆರೆಯುತ್ತದೆ. ಬರ್ಸ್ಟ್ (ಸಾಲಾಗಿ ತೆಗೆಯುವ ಫ್ರೇಮುಗಳು) ತುಸು ನಿಧಾನವಾಗುತ್ತದೆ, ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡಿ ತೆಗೆಯುವಾಗ) ಕೆಲಸ ಮಾಡುವುದಿಲ್ಲ.

ನಿಂತ ವಸ್ತುವಿಗೂ ಫೋಕಸ್ ಪ್ರತಿ ಸಲ ಒಂದೇ ಕಡೆಗೆ ತಪ್ಪಿದರೆ ಲೈವ್ ವ್ಯೂನಲ್ಲಿ ಹೋಲಿಸಿ ನೋಡಿ. ಅಲ್ಲಿ ಸರಿ ಬಂದು ವ್ಯೂಫೈಂಡರಿನಲ್ಲಿ ಬಾರದಿದ್ದರೆ ಎಎಫ್ ಮೈಕ್ರೋ ಅಡ್ಜಸ್ಟ್‌ಮೆಂಟ್ ಬೇಕು.

ಮತ್ತೆ, ಏಸಿ ಕಾರಿನಿಂದ ಇಳಿದು ನೇರ ಮೈದಾನಕ್ಕೆ ಹೋಗುವವರು ಕ್ಯಾಮೆರಾವನ್ನು ಝಿಪ್ ಹಾಕಿದ ಬ್ಯಾಗಿನಲ್ಲೇ 20 ನಿಮಿಷ ಹೊರಗಿಡಿ. ನಮ್ಮ ಊರಿನ ಹಸಿ ಗಾಳಿಗೆ ತಣ್ಣಗಿನ ಗಾಜು ಬೆವರುತ್ತದೆ, ಲೆನ್ಸ್ ಹಿಂದೆ ಮುಂದೆ ತಡಕಾಡುತ್ತದೆ. ಅದನ್ನು ಫೋಕಸ್ ದೋಷ ಅಂತ ಸರ್ವಿಸಿಗೆ ಕಳಿಸುವವರೂ ಇದ್ದಾರೆ.

ಪಣಂಬೂರು_ಲೆನ್ಸ್
ಉಪಕಾರ ಆಯ್ತು. ಇನ್ನೊಂದು: ಮಂಗಳಾ ಸ್ಟೇಡಿಯಂನಲ್ಲಿ ಲಾಂಗ್ ಜಂಪ್, 100 ಮೀಟರ್ ಓಟಕ್ಕೂ ಇದೇನಾ?

ಅಜ್ಜರಕಾಡು_ಟ್ರ್ಯಾಕ್
ಲಾಂಗ್ ಜಂಪಿಗೆ ಬೇರೆ. ಹೊಂಡದ ಪಕ್ಕ ಕೂತು, ಮಕ್ಕಳು ಬೀಳುವ ಜಾಗದ ಮರಳಿಗೆ ಫೋಕಸ್ ಮಾಡಿ ಹೆಬ್ಬೆರಳು ತೆಗೆದುಬಿಡಿ. ಶಟರ್ ಎಷ್ಟು ಸಲ ಒತ್ತಿದರೂ ಫೋಕಸ್ ಕದಲುವುದಿಲ್ಲ. ಬ್ಯಾಕ್ ಬಟನ್ನಿನ ನಿಜವಾದ ಲಾಭ ಇರುವುದು ಇಲ್ಲಿ. ಎಫ್/5.6 ಇಟ್ಟರೆ ಮಗು ಸ್ವಲ್ಪ ಹಿಂದೆ ಬಿದ್ದರೂ ತೊಂದರೆಯಿಲ್ಲ.

100 ಮೀಟರ್‌ಗೆ ಫಿನಿಶ್ ಗೆರೆಯ ಆಚೆಯಿಂದ ಎದುರಾಗಿ ತೆಗೆಯುವುದೇ ಕಷ್ಟದ್ದು. 55-250ಯಲ್ಲಿ ಒಂದೇ ಲೇನ್ ಆರಿಸಿ, ಆ ಮಗು ಅರ್ಧ ಟ್ರ್ಯಾಕ್ ದಾಟುವಾಗಲೇ ಹೆಬ್ಬೆರಳು ಒತ್ತಿ ಹಿಡಿಯಿರಿ, ಕ್ಲಿಕ್ ಕೊನೆಯ 20 ಮೀಟರಿಗೆ. ನಡುವೆ ಲೇನ್ ಬದಲಿಸಿದರೆ ಎರಡೂ ಮಕ್ಕಳ ಫೋಟೋ ಹೋಗುತ್ತದೆ.

ಕದ್ರಿ_ಕ್ಲಿಕ್
ನಿಕಾನ್ ಡಿ5600, ಡಿ7500 ಇರುವವರಿಗೆ: ಪ್ರತ್ಯೇಕ ಎಎಫ್-ಆನ್ ಬಟನ್ ಇಲ್ಲ, ಎಇ-ಎಲ್/ಎಎಫ್-ಎಲ್ ಬಟನ್ನಿಗೇ ಎಎಫ್-ಆನ್ ಕೊಡಬೇಕು. ಮೋಡ್ ಎಎಫ್-ಸಿ (ಸತತ ಫೋಕಸ್), ಡೈನಾಮಿಕ್ ಏರಿಯಾ 9. ಒಂದೇ ಬಣ್ಣದ ಜೆರ್ಸಿಯ ತಂಡಕ್ಕೆ 3ಡಿ ಟ್ರ್ಯಾಕಿಂಗ್ ಹಾಕಬೇಡಿ, ಅದು ಬಣ್ಣವನ್ನೂ ನೋಡಿ ಬೆನ್ನು ಹತ್ತುವುದರಿಂದ ಪಕ್ಕದವರಿಗೆ ಹಾರುತ್ತದೆ. ಸೋನಿಯಲ್ಲಿ 'ಎಎಫ್ ವಿತ್ ಶಟರ್' ಆಫ್ ಮಾಡಿ; ಎಎಫ್-ಆನ್ ಬಟನ್ ಇಲ್ಲದ ಮಾದರಿಯಲ್ಲಿ ಬೇರೆ ಬಟನ್ನಿಗೆ ಎಎಫ್-ಆನ್ ಕೊಡಬೇಕು.