ಕಬ್ಬಿನ ಹಾಲು ಸಕ್ಕರೆಗೆ ಬದಲಿಯಾದೀತೇ? ಆಹಾರ ತಜ್ಞೆಯೊಂದಿಗೆ ಗುಂಪಿನ ಸದಸ್ಯರ ಪ್ರಶ್ನೋತ್ತರ

ಗುಬ್ಬಿಯ ಸದಸ್ಯೆ: ಮೇಡಂ, ರಾಗಿ ಮಾಲ್ಟಿಗೆ ಸಕ್ಕರೆಯ ಬದಲು ಕಬ್ಬಿನ ಹಾಲು ಬೆರೆಸಿದರೆ ಆರೋಗ್ಯಕ್ಕೆ ಒಳ್ಳೆಯದಲ್ಲವೇ?

ಆಹಾರ ತಜ್ಞೆ, ತುಮಕೂರು: ರುಚಿಗಾಗಿ ಅಪರೂಪಕ್ಕೆ ಬೆರೆಸಿಕೊಳ್ಳಿ, ಆದರೆ ಸಕ್ಕರೆ ಬಿಟ್ಟೆವೆಂದು ತಿಳಿಯಬೇಡಿ. 250 ಮಿಲಿಯ ಒಂದು ಲೋಟ ಕಬ್ಬಿನ ಹಾಲಿನಲ್ಲಿ ಸಾಮಾನ್ಯವಾಗಿ 30 ಗ್ರಾಂಗೂ ಹೆಚ್ಚು ಸಕ್ಕರೆ ಇರುತ್ತದೆ. ದಿನವಿಡೀ ಸೇರಿಸಿಕೊಳ್ಳುವ ಸಕ್ಕರೆ ಸುಮಾರು 25 ಗ್ರಾಂ ಮೀರದಿದ್ದರೆ ಇನ್ನೂ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ.

ಶಿರಾದ ಸದಸ್ಯ: ನಮ್ಮ ತಾಯಿಗೆ ಸಕ್ಕರೆ ಕಾಯಿಲೆಯಿದೆ. ಕಬ್ಬಿನ ಹಾಲು ನೈಸರ್ಗಿಕವಾದ್ದರಿಂದ ಮಾತ್ರೆ ಬೇಕಿಲ್ಲವೆಂಬ ಫಾರ್ವರ್ಡ್ ಸಂದೇಶವನ್ನು ನಂಬಿ ಮಾತ್ರೆ ನಿಲ್ಲಿಸಿ, ಎರಡು ಹೊತ್ತೂ ಅಂಬಲಿಗೆ ಅದನ್ನೇ ಬೆರೆಸಿ ಕುಡಿಯುತ್ತಿದ್ದಾರೆ. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುತ್ತಾರೆ, ಕಾಲ್ಬೆರಳಿನ ಗಾಯ ಮಾಯುತ್ತಿಲ್ಲ. ಎಷ್ಟು ಕಡಿಮೆ ಮಾಡಿಸಲಿ?

ಆಹಾರ ತಜ್ಞೆ: ಕಡಿಮೆ ಮಾಡಿಸುವ ಮಾತಲ್ಲ, ಇಂದೇ ನಿಲ್ಲಿಸಿ, ಇಂದೇ ವೈದ್ಯರ ಬಳಿ ಕರೆದೊಯ್ಯಿರಿ. ಕಬ್ಬಿನ ಹಾಲಿನ ಸಿಹಿ ಬಹುಪಾಲು ಸುಕ್ರೋಸ್. ಅಂಗಡಿಯ ಸಕ್ಕರೆಯೂ ಅದೇ ಆಗಿರುವಾಗ, ನೈಸರ್ಗಿಕವೆಂಬ ಕಾರಣಕ್ಕೆ ರಕ್ತದಲ್ಲಿ ಸಕ್ಕರೆಯ ಮಟ್ಟ ಏರದೆ ಇರುವುದಿಲ್ಲ. ನನಗೆ ಹೆಚ್ಚು ಆತಂಕ ತಂದಿರುವುದು ಆ ಗಾಯ. ಬೆರಳ ಸಂದು ಕಪ್ಪಾಗಿದೆಯೇ, ಕೀವು ಅಥವಾ ವಾಸನೆ ಇದೆಯೇ ಎಂದು ಬೆಳಕಿನಲ್ಲಿ ನೋಡಿ. ನೋವಿಲ್ಲವೆಂದು ಅವರು ಹೇಳಿದರೆ ಸಮಾಧಾನಪಡಬೇಡಿ, ಏಕೆಂದರೆ ಈ ಕಾಯಿಲೆಯಲ್ಲಿ ಪಾದದ ನರಗಳು ಸ್ಪರ್ಶವನ್ನೇ ಕಳೆದುಕೊಂಡಿರಬಹುದು. ಕಾಲನ್ನು ಬಿಸಿನೀರಿನಲ್ಲಿ ಇಡಿಸಬೇಡಿ, ಬರಿಗಾಲಿನಲ್ಲಿ ನಡೆಸಬೇಡಿ. ವಾಂತಿ, ಏದುಸಿರು ಅಥವಾ ಮಂಪರು ಕಂಡರೆ ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಿ.

ತಿಪಟೂರಿನ ಸದಸ್ಯ: ಸಕ್ಕರೆ ಕಾಯಿಲೆಯವರಿಗೆ ಬೆಲ್ಲವಾದರೆ ಪರವಾಗಿಲ್ಲವೇ?

ಆಹಾರ ತಜ್ಞೆ: ಇಲ್ಲ, ಬೆಲ್ಲವೂ ಬೇಡ.

ಮಧುಗಿರಿಯ ಸದಸ್ಯೆ: ಪಾಯಸಕ್ಕೆ ಕಬ್ಬಿನ ಹಾಲು ಹಾಕಿದಾಗ ಹಸುವಿನ ಹಾಲು ಒಡೆಯುತ್ತದೆ. ಏನು ಮಾಡಬೇಕು?

ಕುಣಿಗಲ್ಲಿನ ಸದಸ್ಯ: ಆಲೆಮನೆಯಲ್ಲಿ ಚೊಂಬುಗಟ್ಟಲೆ ಕುಡಿದ ನಮ್ಮ ತಾತಂದಿರಿಗೆ ಏನೂ ಆಗಲಿಲ್ಲ. ಕಬ್ಬು ಬೆಳೆಯುವವರ ಹೊಟ್ಟೆಯ ಮೇಲೆ ಹೊಡೆಯಬೇಡಿ.

ಗುಬ್ಬಿಯ ಸದಸ್ಯೆ: ಅವರು ಕಬ್ಬು ಅರೆಯುವ ದಿನಗಳಲ್ಲಷ್ಟೇ ಕುಡಿದು, ದಿನವಿಡೀ ಹೊಲದಲ್ಲಿ ದುಡಿಯುತ್ತಿದ್ದರು. ನಾವು ದುಡಿಯುತ್ತೇವೆಯೇ?

ಕುಣಿಗಲ್ಲಿನ ಸದಸ್ಯ: ಹೊಲದ ಬದು ತುಳಿಯದವರು ನಮಗೆ ದುಡಿಮೆಯ ಪಾಠ ಹೇಳಬೇಕಾಗಿಲ್ಲ.

ಪಾವಗಡದ ಸದಸ್ಯ: ‘ಕಾಮಾಲೆಗೆ ಕಬ್ಬಿನ ಹಾಲೇ ಮದ್ದು, ಎಲ್ಲರಿಗೂ ಕಳುಹಿಸಿ.’

ಆಹಾರ ತಜ್ಞೆ: ಇಂಥದ್ದನ್ನು ಇಲ್ಲಿ ಹಾಕಬೇಡಿರೆಂದು ಎಷ್ಟು ಸಲ ಹೇಳಬೇಕು? ಅದು ಕಾಮಾಲೆಗೆ ಮದ್ದಲ್ಲ. ತೊಳೆಯದ ಗಾಣ ಮತ್ತು ಕೊಳಕು ನೀರಿನ ಮಂಜುಗಡ್ಡೆಯ ಮೂಲಕ ಹೆಪಟೈಟಿಸ್ ಎ ಮತ್ತು ಇ ವೈರಾಣುಗಳು ಹರಡಿ, ಅದೇ ಲೋಟದಿಂದ ಕಾಮಾಲೆ ಬರಬಹುದು. ಗರ್ಭಿಣಿಯರಿಗೆ ಹೆಪಟೈಟಿಸ್ ಇ ಪ್ರಾಣಾಂತಿಕವಾಗಬಲ್ಲದು. ಸಂದೇಶವನ್ನು ಅಳಿಸಿ.

ಶಿರಾದ ಸದಸ್ಯ: ಬೆರಳ ಸಂದು ಕಪ್ಪಾಗಿದೆ ಮೇಡಂ. ನಾಳೆ ಬೆಳಿಗ್ಗೆ ಹೋದರೆ ಸಾಲದೇ?

ಆಹಾರ ತಜ್ಞೆ: ಸಾಲದು. ಈಗಲೇ ಹೊರಡಿ.